ಆದಿತ್ಯವಾರದ ಡ್ಯೂಟಿ

...ಛೆ ಛೆ, ಬಾಗಿಲಲ್ಲೇ ನಿಂತ್ರೆ ಹೇಗೆ ಸದಾನಂದ ಸರ್! ಬನ್ನಿ ಮಾರಾಯ್ರೆ, ನೀವೇ ನಡೆಸಿದ ಲ್ಯಾಬ್ ಅಲ್ವಾ ಇದು! ಅಯ್ಯೋ, ಆ ಕುರ್ಚಿಯಲ್ಲ... ನೀವು ರಿಟೈರ್ ಆದ ಮೇಲೆ ಅದು ನನ್ನದು. ನೀವು ಆಚೆ ಕೂತ್ಕೊಳ್ಳಿ. ಯಾಕೆ ಬಂದದ್ದು ಅಂತ ಹೇಳುದೇ ಬೇಡ. ಮಗಳು ನಿಶ್ಮಿತಾಳ ಮೊದಲ ಸಂಗೀತ ಕಛೇರಿ. ಈ ಆದಿತ್ಯವಾರ, ಬೆಳಿಗ್ಗೆ ಆರೂವರೆ, ದಾದರ್. ಮತ್ತೆ ಅದೇ ಬೆಳಿಗ್ಗೆ ಇಲ್ಲಿ ಡ್ಯೂಟಿ ಯಾರದ್ದು? ನಿಶ್ಮಿತಾಳದ್ದು! ಡ್ಯೂಟಿ ಪಟ್ಟಿ ಬರೆದದ್ದು ಯಾರು? ಈ ವಾರಿಜಾ!

ನಗ್ತೀರಾ? ...ಇಲ್ಲ, ಅದು ನಗುವ ಮುಖ ಅಲ್ಲ.

ಒಂಬತ್ತು ವರ್ಷ ಸರ್! ವಾರಕ್ಕೆ ಆರು ದಿನ ಭಾಂಡುಪ್‌ನಿಂದ ಲೋಕಲ್ ರೈಲಿನಲ್ಲಿ ನೇತಾಡ್ಕೊಂಡು ಬಂದು, ಈ ಪರೇಲ್‌ನಲ್ಲಿ ಕಂಡವರ ರಕ್ತ ಪರೀಕ್ಷೆ ಮಾಡಿದೆ. ನನಗಂತ ಇದ್ದ ಆಸೆ ಒಂದೇ, ತಿಂಗಳಿಗೊಂದು ಬೆಳಗಿನ ಕಛೇರಿ. ಪೂರ್ತಿ! "ಆದಿತ್ಯವಾರ ಬಿಡಿ ಸರ್, ಸೋಮವಾರ ಡಬಲ್ ಮಾಡ್ತೇನೆ" ಅಂತ ಎಷ್ಟು ಸಲ ಬೇಡಿಲ್ಲ! ನೀವು? "ಒಂಬತ್ತಕ್ಕೆ ಸ್ಯಾಂಪಲ್ ಬರ್ತದೆ ವಾರಿಜಾ." ಬಸ್, ಅಷ್ಟೇ.

ನಾಲ್ಕಕ್ಕೆ ಎದ್ದು, ಐದೂಕಾಲಿನ ಲೋಕಲ್ ಹಿಡಿದು ಬಂದು, ಹಿಂದೆ ಬಾಗಿಲ ಹತ್ತಿರವೇ ಕೂತ್ಕೊಳ್ತಿದ್ದೆ. ಎಂಟೂವರೆಗೆ ಏಳ್ಬೇಕಲ್ಲ! ಅಲ್ಲಿ ಕೊನೆಯ ಭೈರವಿಗೆ ತಂಬೂರಿ ಸರಿಮಾಡ್ತಾ ಇರ್ತಾರೆ, ನಾನು ಚಪ್ಪಲಿ ಹುಡುಕ್ತಾ ಇರ್ತೇನೆ. ಮತ್ತೆ ಮುಂದಿನ ಸಾಲಿನಲ್ಲಿ ಯಾರು? ನೀವು! ಜರಿಯಂಚಿನ ಶಾಲು ಹೊದ್ಕೊಂಡು! ತಿರುಗಿ ನೋಡಿ, ವಾಚಿಗೆ ಬೆರಳು ಬಡಿದು ತೋರಿಸ್ತಿದ್ರಿ. ನೆನಪುಂಟಾ? ಸೋಮವಾರ ಬಂದು, ಎಲ್ಲರೆದುರು, "ಏನು ಭೈರವಿ ವಾರಿಜಾ, ಏನು ಭೈರವಿ! ನೀನಿರಬೇಕಿತ್ತು!" ...ನೀನಿರಬೇಕಿತ್ತು! ಗಾಯಕ್ಕೆ ಉಪ್ಪು ಸವರುವುದಕ್ಕೂ ಒಂದು ಲೆಕ್ಕ ಬೇಡವಾ ಸರ್? ಆವತ್ತೇ ಅಂದ್ಕೊಂಡೆ, ಇರ್ಲಿ... ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಬಂತಲ್ಲ ನನ್ನ ಕಾಲ!

ಎಂತ, ತಲೆ ತಗ್ಗಿಸಿದ್ರಿ? ಕೇಳಿ, ಬೇಡಿ. ನಾನೂ ಬೇಡಿದವಳೇ. ...ಕೇಳುದಿಲ್ವಾ? ಅಷ್ಟು ಬಿಗುಮಾನವಾ? ಹೋಗ್ಲಿ ಬಿಡಿ, ನಾನು ನಿಮ್ಮಷ್ಟು ಕಲ್ಲಲ್ಲ. ಇಗೊಳ್ಳಿ, ನಿಶ್ಮಿತಾಳ ಹೆಸರು ಹೊಡೆದು ಹಾಕಿದೆ. ಆ ಡ್ಯೂಟಿ ನಾನೇ ಮಾಡ್ತೇನೆ. ರಜೆ ಚೀಟಿಗೆ ಸಹಿಯೂ ಹಾಕಿದೆ. ಮಗಳಿಗೆ ರಜೆ!

ತಗೊಳ್ಳಿ. ...ತಗೊಳ್ಳಿ ಅಂದೆ. ಕೈ ಚಾಚುದಿಲ್ಲ ಯಾಕೆ? ರಜೆ ಬೇಡ್ವಾ? ಮತ್ತೆ... ಮತ್ತೆ ಬಂದದ್ದು ಎಂತಕ್ಕೆ? ಹಾಗೆ ನೋಡ್ಬೇಡಿ ಸರ್...

ದಾದರಿನ ಕಛೇರಿಯವರು ಹೇಳಿದ್ರಾ?

...ಹೌದು. ಮೊನ್ನೆ ಅವರ ಫೋನ್ ಎತ್ತಿದ್ದು ನಾನೇ. ಹುಡುಗಿಗೆ ಗಂಟಲು ಕೆಟ್ಟಿದೆ, ಹಾಡ್ಲಿಕ್ಕಾಗುದಿಲ್ಲ, ಬೇರೆಯವರನ್ನು ಕರೀರಿ ಅಂದದ್ದೂ ನಾನೇ. ಕರೆದಾಯ್ತಂತೆ. ರಜೆ ಕೊಟ್ರೂ ಇನ್ನು ಪ್ರಯೋಜನ ಇಲ್ಲ ಅಂತ ಗೊತ್ತಿದ್ದೇ ಸಹಿ ಹಾಕಿದ್ದು. ಸಾಕಾ? ನಿಮ್ಮ ಮುಖ ಹೀಗೆ ಬಾಡಿದ್ದು ನೋಡಿದ್ರೆ ಹೊಟ್ಟೆ ತಣ್ಣಗಾಗ್ತದೆ ಅಂದ್ಕೊಂಡಿದ್ದೆ... ಆಗ್ಲಿಲ್ಲ.

ಡ್ಯೂಟಿಯಲ್ಲಿ ಮೊಬೈಲ್ ಲಾಕರಿನಲ್ಲಿರ್ತದಂತ ಅವಳೇ ಅವರಿಗೆ ನನ್ನ ನಂಬರ್ ಕೊಟ್ಟದ್ದು. ನಿಮ್ಮದಲ್ಲ ಸರ್, ನನ್ನದು! "ವಾರಿಜಾ ಆಂಟಿಗೆ ಹೇಳಿದ್ರೆ ನನಗೆ ಹೇಳಿದ ಹಾಗೇ" ಅಂತ.

ಬೈಯಿರಿ ಸರ್. ಅವಳಿಗೆ ಗೊತ್ತಿಲ್ಲ ಅಲ್ವಾ? ...ಗೊತ್ತುಂಟಾ? ನಿನ್ನೆಯೇ?

ಅಲ್ಲ ಸರ್... ಇವತ್ತು ಬೆಳಿಗ್ಗೆ ನನ್ನ ಬಿಪಿ ಗುಳಿಗೆ ನೆನಪು ಮಾಡಿ, ನೀರು ತಂದು ಕೈಗೆ ಕೊಟ್ಟು ಹೋದಳಲ್ಲ ಅವಳು!