ಮಗುಚಿ ಹಿಡಿದ ಕೊಳವೆ

ನಾನು, ಎಲ್ಲರೂ ಸೀಸೆಯಕ್ಕ ಎಂದು ಕರೆಯುವವಳು, ವಯಸ್ಸು 51 ವರ್ಷ, ಉದ್ಯೋಗ ಸಂಶೋಧನಾ ಸಂಸ್ಥೆಯಲ್ಲಿ ಗಾಜಿನ ಸಾಮಾನು ತೊಳೆಯುವ ಸಹಾಯಕಿ, ವಾಸ ಸಂಸ್ಥೆಯ ಹಿಂಬದಿಯ ನೌಕರರ ವಸತಿ, ಎರಡನೇ ಮಹಡಿ, 14ನೇ ಮನೆ. ನೀವು ಕೇಳಿದ್ದನ್ನೂ ಕೇಳದೆ ಬಿಟ್ಟಿದ್ದನ್ನೂ ಸೇರಿಸಿ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಪ್ರಯೋಗಾಲಯದಲ್ಲಿ ಕಡ್ಡಿಯಂತೆ ನೆಟ್ಟಗಿರುವ ಅಣುಗಳ ಪಾಲಿಮರನ್ನು ಬಲವಾದ ಆಮ್ಲದಲ್ಲಿ ಕರಗಿಸುತ್ತಾರೆ. ಬೆಚ್ಚಗಿದ್ದಾಗ ಕಡ್ಡಿಗಳು ಒಂದರ ಪಕ್ಕ ಒಂದು ಜಾರಿಕೊಂಡು ಓಡಾಡುತ್ತವೆ. ತಣ್ಣಗಾದರೆ ಕಂತೆಕಂತೆಯಾಗಿ ಅಂಟಿಕೊಂಡು ಓಡಾಟ ನಿಲ್ಲಿಸುತ್ತವೆ, ಇಡೀ ದ್ರಾವಣ ಮೊಸರಿನಂತೆ ಹೆಪ್ಪುಗಟ್ಟುತ್ತದೆ. ಕೊಳವೆ ಮಗುಚಿದರೂ ಬೀಳದಿದ್ದರೆ ಹೆಪ್ಪಾಗಿದೆ ಎಂದರ್ಥ. ಇದನ್ನು ನನಗೆ ಹೇಳಿಕೊಟ್ಟವಳು ಈಗ ಆಸ್ಪತ್ರೆಯಲ್ಲಿರುವ ಸಂಶೋಧಕಿ. ಆ ಹೆಪ್ಪು ಮತ್ತೆ ಕರಗುವುದೇ ಇಲ್ಲವೆಂದು ಮುಖ್ಯಸ್ಥರಾದ ದೊಡ್ಡ ಸಾರ್ ಹನ್ನೊಂದು ವರ್ಷದಿಂದ ಬರೆಯುತ್ತಿದ್ದಾರೆ. ಮೂವತ್ತು ಡಿಗ್ರಿಗೆ ಕರಗುತ್ತದೆಂದು ಇವಳು ನಾಲ್ಕು ವರ್ಷ ಅಳೆದು ಒಂದು ನೋಟ್‌ಬುಕ್ ತುಂಬಿಸಿದ್ದಳು. ಅದಕ್ಕೆ ಪ್ರತಿ ಇರಲಿಲ್ಲ.

ನಿನ್ನೆ ಬೆಳಿಗ್ಗೆ 10.20ಕ್ಕೆ ದೊಡ್ಡ ಸಾರ್ ಆರು ವಿದ್ಯಾರ್ಥಿಗಳೊಂದಿಗೆ ಬಂದರು. ನಾನು ಎಂಟು ಅಡಿ ದೂರದಲ್ಲಿ ನಲ್ಲಿಯ ಬಳಿ ಇದ್ದೆ. ಕೋಣೆ ಹತ್ತೊಂಬತ್ತು ಡಿಗ್ರಿ ಇತ್ತು. "ಕರಗಲ್ಲ ಅಂತ ಬರೆದು ಸಹಿ ಹಾಕಮ್ಮ. ಇಲ್ಲಾಂದ್ರೆ ಈಗಲೇ ತೋರ್ಸು" ಎಂದು ಆ ಸಂಶೋಧಕಿಗೆ ಹೇಳಿದರು. ಅವಳು ಬಿಸಿನೀರು ಬೇಕೆಂದಳು. ಅವಳ ಮುಷ್ಟಿಯ ಬಿಸಿಯೇ ಸಾಕು, ಗವಸು ಹಾಕಿದರೆ ಬಿಸಿ ತಾಗುವುದಿಲ್ಲ ಎಂದರು. ಹೆಪ್ಪುಗಟ್ಟಿದ್ದ ಒಂದು ಕೊಳವೆಯ ಮುಚ್ಚಳ ತೆಗೆಸಿ, ಬರಿಗೈಯಲ್ಲಿ ಮಗುಚಿ ಹಿಡಿಸಿ, ಕೆಳಗೆ ಅವಳದೇ ನೋಟ್‌ಬುಕ್ ತೆರೆದಿಟ್ಟರು. ನಾನು ಗಾಜಿನ ತಟ್ಟೆ ಒಯ್ದಾಗ, ಕರಗದ್ದಕ್ಕೆ ತಟ್ಟೆ ಯಾಕೆ, ಕೂಸು ಹುಟ್ಟುವ ಮುಂಚೆ ಕುಲಾವಿಯೇ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

10.31ಕ್ಕೆ ಹೆಪ್ಪಿನ ಅಂಚು ಮೆತ್ತಗಾಯಿತು. ಅವಳು ಕೊಳವೆ ತಿರುಗಿಸಲು ಹೋದಾಗ, ತಿರುಗಿಸಿದರೆ ಸೋತಂತೆ ಎಂದು ಸಾರ್ ಹೇಳಿದರು. 10.33ಕ್ಕೆ ಆಮ್ಲ ಬಿತ್ತು. ಅವಳು ಎಡಗೈಯನ್ನು ನೋಟ್‌ಬುಕ್ಕಿನ ಮೇಲೆ ಅಡ್ಡ ಚಾಚಿದಳು. "ಕೈ ಕೊಟ್ಟವಳು ಅವಳೇ, ನೋಡಿದ್ರಲ್ಲ?" ಎಂದು ಸಾರ್ ವಿದ್ಯಾರ್ಥಿಗಳನ್ನು ಕೇಳಿದರು. ಒಬ್ಬನೂ ಅಲುಗಲಿಲ್ಲ. ನಾನು ಅವಳನ್ನು ಎಳೆದು ತಂದು, ವಾಹನ ಬರುವವರೆಗೆ ಇಪ್ಪತ್ತೆರಡು ನಿಮಿಷ ಆ ಕೈಯನ್ನು ನಲ್ಲಿಯ ಕೆಳಗೆ ಹಿಡಿದೆ. ಚರ್ಮ ನನ್ನ ಬೆರಳಿಗೆ ಬಂತು. "ಅಕ್ಕಾ, ಪುಸ್ತಕ ನೆನೀತಾ?" ಎಂದಳು. ಇಲ್ಲ ಎಂದೆ.

11.15ಕ್ಕೆ ಸಾರ್ ಆ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಮೂವತ್ತು ಡಿಗ್ರಿ, ಕರಗಿತು ಎಂದು ಬರೆದು, ಕೆಳಗೆ ತಮ್ಮ ಹೆಸರು ಹಾಕಿಕೊಂಡು, ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅವಳ ಅಜಾಗರೂಕತೆಯಿಂದ ಕೊಳವೆ ಒಡೆಯಿತೆಂದು ಹೇಳಬೇಕು, ಈ ವಯಸ್ಸಿನಲ್ಲಿ ಬೇರೆ ಕೆಲಸ ಸಿಗುವುದು ಕಷ್ಟ ಎಂದು ನನಗೆ ತಿಳಿಸಿದರು.

ಕೊಳವೆ ಒಡೆದಿಲ್ಲ. ಹತ್ತೊಂಬತ್ತು ವರ್ಷದಲ್ಲಿ ನಾನು ತೊಳೆಯದೆ ಬಿಟ್ಟ ಗಾಜು ಇದೊಂದೇ. ಮುಚ್ಚಳ ಹಾಕಿ ತಂದು ನಿಮ್ಮ ಮೇಜಿನ ಮೇಲಿಟ್ಟಿದ್ದೇನೆ. ತಳದಲ್ಲಿ ಉಳಿದದ್ದು ಮತ್ತೆ ಹೆಪ್ಪಾಗಿದೆ, ಮಗುಚಿ ನೋಡಬಹುದು. ದಯವಿಟ್ಟು ಮುಷ್ಟಿಯಲ್ಲಿ ಹಿಡಿಯಬೇಡಿ.

ಮೇಲಿನದೆಲ್ಲ ನಾನು ಕಣ್ಣಾರೆ ಕಂಡದ್ದು. ನಾನು ನಕ್ಕದ್ದೂ ಸೇರಿ ಎಲ್ಲವೂ ನಿಜ. ಓದಿಸಿ ಕೇಳಿ ಸಹಿ ಮಾಡಿದ್ದೇನೆ.

ಸ್ಥಳ: ಠಾಣೆ
ದಿನಾಂಕ: ಈ ತಿಂಗಳ 10, ಮಧ್ಯಾಹ್ನ 12.40
ಸಹಿ: ಸೀಸೆಯಕ್ಕ