ಒಂಬತ್ತು ದಿನದ ಮಳೆ

ಅಲ್ಲ ಎಂಜಿನಿಯರಮ್ಮ, ಆ ಲೆಕ್ಕ ನನಗೆ ಮೊದಲು ಹೇಳಿಕೊಟ್ಟಿದ್ದು ನಮ್ಮತ್ತೆ. ಮಳೆಮಾಪಕ ಅವರ ಕೈಯಿಂದ ನನ್ನ ಕೈಗೆ ಬಂತಲ್ಲ, ಆ ದಿನವೇ ಹೇಳಿದ್ದು. ‘ನೋಡೇ, ಯಾವತ್ತಾದ್ರೂ ಗುಡ್ಡ ಹತ್ತೋಕಾಗದೆ ಹೋದ್ರೆ ಗಾಬರಿ ಬೀಳಬೇಡ. ಆದ ದಿನ ಹೋಗು, ಬಾಟಲಿಯಲ್ಲಿ ಎಷ್ಟಿದೆಯೋ ಅಳೆ, ತಪ್ಪಿದ ದಿನಗಳಿಗೆಲ್ಲ ಸಮನಾಗಿ ಹಂಚಿಬಿಡು. ಒಂದು ಹನಿ ಕಳೀಬಾರದು, ಒಂದು ಹನಿ ಸೇರಬಾರದು.’ ಅಷ್ಟೇ ಪಾಠ. ನಮ್ಮನೆಯವರನ್ನ ಹೆತ್ತಾಗ ಎರಡು ದಿನ ಹೋಗಲಿಲ್ವಂತೆ. ಮೂರನೇ ದಿನ ಹತ್ತಿ, ಬಾಟಲಿಯಲ್ಲಿದ್ದಿದ್ದನ್ನ ಮೂರು ಪಾಲು ಮಾಡಿ ಬರೆದರಂತೆ. ಹಸಿ ಬಾಣಂತಿ.

ನಗ್ತೀರಾ? ಮೆಲ್ಲಗೆ ನಗಿ. ಒಳಗಿನ ಕೋಣೆಯಲ್ಲಿದ್ದಾರೆ. ಕಣ್ಣು ಮಂಜಾಗಿದೆ, ಆದರೆ ಆ ಮಂಜೆಲ್ಲ ಕಿವಿ ಚುರುಕು ಮಾಡೋಕೇ ಬಂದ ಹಾಗಿದೆ. ಸ್ಟೀಲ್ ಡಬ್ಬಿ ಮುಚ್ಚಳ ತೆಗೆದ ಸದ್ದಿಗೇ ಯಾವ ಡಬ್ಬಿ ಅಂತ ಹೇಳ್ತಾರೆ.

ಸಹಿ ತಾನೆ? ಹಾಕ್ತೀನಿ. ನಾನೆಲ್ಲೂ ಓಡಿಹೋಗಲ್ಲ, ಈ ಸೀಮೆಯಲ್ಲಿ ಓಡಿದ್ರೆ ಹತ್ತು ಮೈಲಿ ದೂರದವರೆಗೂ ಕಾಣ್ತೀವಿ. ‘ಈ ಪುಸ್ತಕದ ಎಲ್ಲ ಅಂಕಿಗಳು ದಿನದಿನದ ಅಳತೆಯಿಂದ ಬಂದವು.’ ಇದರ ಕೆಳಗೆ ತಾನೆ? ಸಹಿ ಬಿತ್ತು ಅಂದ್ರೆ ನಿಮ್ಮ ಸೇತುವೆ ನಕ್ಷೆ ನಾಳೆಯೇ ಮೇಲಕ್ಕೆ ಹೋಗತ್ತೆ, ಬೇಸಿಗೆಗೆ ಕೆಲಸ ಶುರು. ಗೊತ್ತು. ಆರು ವರ್ಷದಿಂದ ಕಾಯ್ತಾ ಇದ್ದೀವಿ, ಗೊತ್ತಿರಲ್ವಾ.

ಆದರೆ ಮೊದಲನೇ ಪುಟ ಖಾಲಿ ಬಿಟ್ಟಿದ್ದೀರಲ್ಲ, ‘ತಾಲೂಕಿನ ಇತಿಹಾಸ, ಭೂಗೋಳ, ಜನಸಂಖ್ಯೆ’ ಅಂತ. ಅದನ್ನ ತುಂಬಿಸಿಕೊಳ್ಳಿ ಮೊದಲು. ನಾನು ಇತಿಹಾಸದಲ್ಲಿ ಡಿಗ್ರಿ ಮಾಡಿದವಳು. ಇಲ್ಲಿಗೆ ಮದುವೆಯಾಗಿ ಬಂದ ಮೇಲೆ ಅದನ್ನ ಕೇಳಿದವರು ನೀವೇ ಮೊದಲು. ನೀವೂ ಕೇಳಲಿಲ್ಲ, ಬಿಡಿ, ನಾನೇ ಹೇಳ್ತಾ ಇದ್ದೀನಿ.

ಇತಿಹಾಸ ಬರ್ಕೊಳ್ಳಿ, ಮೂರು ಸಾಲು. ಸ್ಲೇಟು ಕಲ್ಲು ಸಿಕ್ಕಿತು, ಜನ ಬಂದರು. ಸ್ಲೇಟು ಮುಗೀತು, ಜನ ಹೋದರು. ಹೋಗೋಕೆ ಮನಸ್ಸಿಲ್ಲದವರು, ಹೋಗೋಕೆ ಜಾಗವಿಲ್ಲದವರು ಉಳಿದರು. ಮೂರನೇ ಸಾಲೇ ನಾವು.

ಭೂಗೋಳ. ಸಾವಿರದ ನೂರ ನಲವತ್ತು ಚದರ ಕಿಲೋಮೀಟರ್. ಅರ್ಧ ಕಲ್ಲು, ಅರ್ಧ ಹುಲ್ಲು. ಎರಡು ಹಳ್ಳ, ಎರಡೂ ಈ ಗುಡ್ಡದ ಬುಡದಲ್ಲೇ ಸೇರ್ತವೆ. ಸೇರಿದ ಜಾಗದಿಂದ ಆಚೆ ಕೆಳಗಿನ ಓಣಿ, ಈಚೆ ನಾವು. ಶಾಲೆ, ದವಾಖಾನೆ, ಬಸ್ಸು, ಎಲ್ಲ ಈಚೆ. ಮಳೆಮಾಪಕ ಇಡೀ ತಾಲೂಕಿಗೆ ಒಂದೇ, ಈ ಗುಡ್ಡದ ನೆತ್ತಿಯಲ್ಲಿ. ಇನ್ನೊಂದು ಬೇಕು ಅಂದ್ರೆ ಗುಡ್ಡಸಾಲಿನ ಏಣು ದಾಟಿ ಅರವತ್ತು ಕಿಲೋಮೀಟರ್ ಹೋಗ್ಬೇಕು, ಅಲ್ಲಿನ ಮಳೆಗೂ ನಮ್ಮ ಮಳೆಗೂ ಸಂಬಂಧವೇ ಇಲ್ಲ. ಅಂದ್ರೆ ಇಲ್ಲಿ ಎಷ್ಟು ಮಳೆ ಬಂತು ಅಂತ ಜಗತ್ತಿಗೆ ಹೇಳೋ ಬಾಯಿ ಒಂದೇ. ಈ ಬಾಯಿ.

ಜನಸಂಖ್ಯೆ ಎರಡು ಸಾವಿರದ ಒಂಬೈನೂರ ಆರು. ಚದರ ಕಿಲೋಮೀಟರಿಗೆ ಎರಡೂವರೆ ಜನ. ಆ ಅರ್ಧ ಯಾರು ಅಂತ ಕೇಳ್ಬೇಡಿ, ನಮ್ಮ ಮೈದುನನಿಗೆ ಬೇಜಾರಾಗತ್ತೆ.

ಇದಕ್ಕೆ ನಗಲಿಲ್ಲ ನೀವು.

ಕೆಳಗಿನ ಓಣಿಯಲ್ಲಿ ಮೂವತ್ತೊಂದು ಜನ ಇದ್ದರು. ಈಗ ಇಪ್ಪತ್ತಾರು. ಯಾರೂ ಸತ್ತಿಲ್ಲ, ಹಾಗೆ ನೋಡಬೇಡಿ. ಒಂದು ಸಂಸಾರ ಊರು ಬಿಟ್ಟಿತು, ಅಷ್ಟೆ. ಮೇಸ್ತ್ರಿ, ಅವರ ಹೆಂಡತಿ, ಅವರಮ್ಮ, ಎರಡು ಹೆಣ್ಣುಮಕ್ಕಳು. ಹೌದು, ಅದೇ ಮೇಸ್ತ್ರಿ. ಬಿದ್ದುಹೋದ ಸೇತುವೆ ಕಟ್ಟಿದವರು. ನಿಮ್ಮ ಫೈಲಿನಲ್ಲಿ ಇರಬೇಕಲ್ಲ, ‘ಕಳಪೆ ಕಾಮಗಾರಿ’ ಅಂತ. ಆಮೇಲೆ ಅವರಿಗೆ ದನದ ಕೊಟ್ಟಿಗೆ ಗೋಡೆ ಕಟ್ಟೋಕೂ ಯಾರೂ ಕರೀಲಿಲ್ಲ.

ಟೀ ಆರಿಹೋಯ್ತು ನಿಮ್ಮದು. ಬಿಸಿ ಮಾಡ್ಕೊಂಡು ಬರ್ಲಾ? ಬೇಡ್ವಾ.

ಬೆರಳು ಯಾಕೆ ಅಲ್ಲೇ ಇಟ್ಟಿದ್ದೀರಿ? ಬಂದಾಗಿನಿಂದ ನೋಡ್ತಾ ಇದ್ದೀನಿ. ನಲವತ್ತೇಳು ವರ್ಷದ ಪುಸ್ತಕ, ಮೂವತ್ತು ವರ್ಷ ಅವರದು, ಹದಿನೇಳು ವರ್ಷ ನನ್ನದು. ಅಷ್ಟರಲ್ಲಿ ನಿಮಗೆ ಅದೊಂದೇ ಪುಟ ಬೇಕಾಯ್ತಾ? ಆರು ವರ್ಷದ ಹಿಂದಿನ ಮೇ ತಿಂಗಳು, ಹನ್ನೊಂದರಿಂದ ಹತ್ತೊಂಬತ್ತು. ಇಪ್ಪತ್ತೆರಡು, ಇಪ್ಪತ್ತಾರು, ಇಪ್ಪತ್ನಾಲ್ಕು, ಇಪ್ಪತ್ಮೂರು... ಮಿಲಿಮೀಟರ್. ಸರಿಯಾಗೇ ಇದೆಯಲ್ಲ. ಸಾಧಾರಣ ಮಳೆ. ಒಂಬತ್ತು ದಿನ ಬಂತು.

ಯಾಕೆ, ಬರಬಾರದಾ? ಮೇ ತಿಂಗಳಲ್ಲಿ ಮಳೆ ಬರಬಾರದು ಅಂತ ಕಾನೂನಿದೆಯಾ?

ಹೂಂ. ನಲವತ್ತೇಳು ವರ್ಷದಲ್ಲಿ ಮೇ ತಿಂಗಳು ಸಾಲಾಗಿ ಮೂರು ದಿನ ಮಳೆ ಬಂದಿದ್ದಿಲ್ಲ. ನೀವು ಹೇಳೋದು ಬೇಡ, ನನಗೂ ಗೊತ್ತು. ಆ ಪುಟ ನನಗೆ ಬಾಯಿಪಾಠ.

ಸರಿ, ಹೇಳಿಬಿಡ್ತೀನಿ. ಜ್ವರ ಬಂದಿತ್ತು. ಮೈ ಕೆಂಡ. ಎದ್ದು ನೀರು ಕುಡಿಯೋಕೂ ಆಗ್ತಿರಲಿಲ್ಲ, ಗುಡ್ಡ ಎಲ್ಲಿ ಹತ್ತೋದು? ಎಂಟು ಬೆಳಗ್ಗೆ ಹೋಗಲಿಲ್ಲ, ಒಂಬತ್ತನೇ ಬೆಳಗ್ಗೆ ಹೋದೆ, ಇದ್ದದ್ದನ್ನ ಹಂಚಿದೆ. ಒಂದು ಕಡೆ ಎರಡು ಹೆಚ್ಚು, ಒಂದು ಕಡೆ ಎರಡು ಕಡಿಮೆ ಮಾಡಿದೆ, ಎಲ್ಲ ಒಂದೇ ಥರ ಇದ್ರೆ ನೋಡೋಕೆ ಚೆನ್ನಾಗಿರಲ್ಲ ಅಂತ. ಒಟ್ಟು ಮಾತ್ರ ಸರಿ. ನೀವೇ ಕೂಡಿ ನೋಡಿ. ತಿಂಗಳ ಮೊತ್ತ ಸರಿ, ವರ್ಷದ ಮೊತ್ತ ಸರಿ. ಒಂದು ಹನಿ ನಾನು ಕದ್ದಿಲ್ಲ ಕಣ್ರೀ. ಮನೆಯಲ್ಲಿ ಎಲ್ಲರೂ ಮಾಡೋ ಹಾಗೇ ಮಾಡಿದ್ದು. ಯಾರೂ ಕೇಳಲೂ ಇಲ್ಲ.

ಏನಾದ್ರೂ ಅನ್ನಿ.

ಬೈಯೋದಾದ್ರೆ ಬೈದುಬಿಡಿ. ನಮ್ಮತ್ತೆ ಒಮ್ಮೆ ಬೈದು ಸುಮ್ಮನಾಗ್ತಾರೆ, ನಾವಿಬ್ಬರೂ ಆರಾಮಾಗಿದ್ದೀವಿ.

ಜ್ವರ ಇರಲಿಲ್ಲ.

ನೀವು ಚಿಕ್ಕವರು, ನಿಮಗೆ ಇದು ಹುಚ್ಚು ಅನ್ನಿಸಬಹುದು. ಹನ್ನೊಂದು ವರ್ಷ, ದಿನಾ ಬೆಳಗ್ಗೆ ಎಂಟೂವರೆಗೆ ಗುಡ್ಡದ ಮೇಲಿದ್ದೆ. ಒಗ್ಗರಣೆ ಅರ್ಧಕ್ಕೆ ಬಿಟ್ಟು ಹೋಗಿದ್ದೀನಿ. ನನ್ನ ತಂಗಿ ಮದುವೆಗೆ ಹಿಂದಿನ ದಿನ ಹೋಗಿ ಮುಹೂರ್ತ ಮುಗಿದ ಗಳಿಗೆಗೇ ಓಡಿ ಬಂದಿದ್ದೀನಿ. ತಿಂಗಳ ಕೊನೆಗೆ ಒಂದು ಕಾರ್ಡು ಬರೆದು ಹಾಕೋದು. ಆ ಕಾರ್ಡು ಯಾರ ಮೇಜಿಗೆ ಹೋಗತ್ತೆ, ಯಾರಾದ್ರೂ ಓದ್ತಾರಾ, ಗೊತ್ತಿಲ್ಲ. ಹನ್ನೊಂದು ವರ್ಷದಲ್ಲಿ ಒಬ್ಬರು ಒಂದು ಸಲ ‘ಇದೇನಮ್ಮ ಹೀಗೆ’ ಅಂತ ಕೇಳಿಲ್ಲ. ಆವತ್ತು ಬೆಳಗ್ಗೆ ಚಪ್ಪಲಿ ಮೆಟ್ಟಿಕೊಳ್ತಾ ಇದ್ದವಳು ಹಾಗೇ ಮೆಟ್ಟಿಲ ಮೇಲೆ ಕೂತೆ. ಹೋಗದೆ ಇದ್ರೆ ಏನಾಗತ್ತೆ ನೋಡೋಣ ಅನ್ನಿಸ್ತು. ಅಷ್ಟೇ. ಏನೂ ಆಗಲಿಲ್ಲ. ಮಾರನೇ ದಿನವೂ ಕೂತೆ. ಏನೂ ಆಗಲಿಲ್ಲ. ಐದನೇ ದಿನಕ್ಕೆ ಹಟ ಬಂತು. ಇಷ್ಟು ಕಡಿಮೆ ಜನ ಇರೋ ಕಡೆ ಒಂದು ಹೆಂಗಸು ದಿನಾ ಹತ್ತೋ ಗುಡ್ಡ ಹತ್ತದೆ ಹೋದ್ರೆ ಯಾರಿಗೂ ಕಾಣೋದೇ ಇಲ್ವಾ? ನಮ್ಮನೆಯವರಿಗೆ ಕಾಣಲಿಲ್ಲ. ಅತ್ತೆಗೆ ಕೇಳಿಸಲಿಲ್ಲ, ಯಾಕಂದ್ರೆ ನಾನು ಎಂಟೂವರೆಗೆ ಬಾಗಿಲು ತೆಗೆದು, ಹಾಕಿ, ಹಿತ್ತಲಲ್ಲಿ ಮುಕ್ಕಾಲು ಗಂಟೆ ಕೂತಿರ್ತಿದ್ದೆ.

ಎಂಟು ದಿನ ಒಂದು ಹನಿ ಬೀಳಲಿಲ್ಲ. ಧೂಳು. ಇದನ್ನ ಬರ್ಕೊಳ್ಳಿ.

ಹದಿನೆಂಟನೇ ತಾರೀಕು ಊಟದ ಹೊತ್ತಿಗೆ ಶುರುವಾಯ್ತು. ಮಳೆ ಅಂತ ಅದನ್ನ ಕರೆಯೋಕೆ ನನಗೆ ಈಗಲೂ ಬಾಯಿ ಬರಲ್ಲ. ಈ ಕೋಣೆಯಲ್ಲಿ ಎದುರಿಗೆ ಕೂತವರ ಬಾಯಿ ಆಡೋದು ಕಾಣ್ತಿತ್ತು, ಮಾತು ಕೇಳ್ತಿರಲಿಲ್ಲ. ದೀಪ ಹಚ್ಚೋ ಹೊತ್ತಿಗೆ ನಿಂತಿತು. ನಿಂತ ಮೇಲೆ ಹಳ್ಳದ ಕಡೆಯಿಂದ ಒಂದು ಸದ್ದು ಬಂತು, ಯಾರೋ ದೊಡ್ಡ ಬೀರು ಎಳೆದ ಹಾಗೆ. ಅಂಚೆ ವ್ಯಾನು ಕಾಲು ಗಂಟೆ ಮುಂಚೆ ಸೇತುವೆ ದಾಟಿತ್ತು. ಕಾಲೇ ಗಂಟೆ.

ಬೆಳಗ್ಗೆ ಹತ್ತಿದೆ. ಬಾಟಲಿ ತುಂಬಿ ಹೊರಗಿನ ಡಬ್ಬಿಯಲ್ಲೂ ನಿಂತಿತ್ತು. ಅಳೆಯೋ ಗ್ಲಾಸು ಇಪ್ಪತ್ತು ಮಿಲಿಮೀಟರಿಂದು. ಹತ್ತು ಸಲ ಪೂರ್ತಿ ತುಂಬಿ ಚೆಲ್ಲಿದೆ, ಹನ್ನೊಂದನೇ ಸಲ ಹದಿನಾರು. ಅಳತೆ ಸರಿಯಾಗೇ ಮಾಡಿದೆ. ಎಂಟು ಸೊನ್ನೆ, ಒಂದು ಇನ್ನೂರ ಹದಿನಾರು, ಹಾಗೆ ಬರೆಯೋದೇನೂ ಕಷ್ಟವಿರಲಿಲ್ಲ. ಆದರೆ ನೂರು ದಾಟಿದ್ರೆ ಅದೇ ದಿನ ಫೋನ್ ಮಾಡಬೇಕು, ಮೇಲಿನವರು ಬಂದು ನೋಡ್ತಾರೆ. ಬಂದವರು ದಾರಿ ನೋಡ್ತಾರೆ, ಮಾಪಕದ ಬೇಲಿಗೆ ಹಾಕಿದ ಬೀಗ ನೋಡ್ತಾರೆ, ‘ಹಿಂದಿನ ಎಂಟು ದಿನ ಸೊನ್ನೆ ಅಂತ ಇಲ್ಲಿಗೆ ಬಂದು ನೋಡಿ ಬರೆದ್ರಾ’ ಅಂತ ಕೇಳ್ತಾರೆ. ಹಂಚಿಬಿಟ್ಟೆ. ಅತ್ತೆ ಹೇಳಿಕೊಟ್ಟ ಹಾಗೆ. ಒಂಬತ್ತು ಪಾಲು.

ಮೂರು ವಾರ ಬಿಟ್ಟು ಸೇತುವೆ ಬಿದ್ದದ್ದರ ವಿಚಾರಣೆಗೆ ಮೂವರು ಬಂದರು. ಈಗ ನೀವು ಕೂತಿದ್ದೀರಲ್ಲ, ಅದೇ ಕುರ್ಚಿಯಲ್ಲಿ ದೊಡ್ಡವರು ಕೂತಿದ್ದು. ಕೆಳಗಿನ ಓಣಿಯವರೆಲ್ಲ ಅಂಗಳದಲ್ಲಿ ನಿಂತು ‘ಆಕಾಶವೇ ಬಿತ್ತು ಸ್ವಾಮಿ’ ಅಂದರು. ದೊಡ್ಡವರು ಪುಸ್ತಕ ತಿರುಗಿಸಿ ‘ಇಪ್ಪತ್ನಾಲ್ಕು ಮಿಲಿಮೀಟರಿಗೆ ಆಕಾಶ ಬೀಳಲ್ಲ, ಸೇತುವೆಯೂ ಬೀಳಬಾರದು’ ಅಂದರು. ಎಲ್ಲರೂ ನಕ್ಕರು. ಅಂಗಳದವರೂ ನಕ್ಕರು, ನೋಡಿ, ಅಧಿಕಾರಿ ನಕ್ಕ ಮೇಲೆ ನಗದೆ ಇರೋಕಾಗತ್ತಾ. ಮೇಸ್ತ್ರಿ ಆ ಬಾಗಿಲ ಹತ್ರ ನಿಂತಿದ್ದರು. ‘ಬರೆದಿರೋದು ಅಷ್ಟೇನಾ ಅಕ್ಕಾ?’ ಅಂತ ಕೇಳಿದರು. ‘ಬರೆದಿರೋದು ಅಷ್ಟೇ’ ಅಂದೆ. ಅದು ಸುಳ್ಳಲ್ಲ. ಆರು ವರ್ಷದಿಂದ ಹಾಗಂತ ಹೇಳ್ಕೊಳ್ತಾ ಇದ್ದೀನಿ, ಅದು ಸುಳ್ಳಲ್ಲ ಅಂತ.

ಹಾರ್ನು ನಿಮ್ಮ ಡ್ರೈವರ್‌ದಾ? ಇರಲಿ, ಸ್ವಲ್ಪ ಕಾಯಲಿ.

ಹೊಸ ನಕ್ಷೆ ಯಾವ ಅಂಕಿ ಹಿಡಿದು ಮಾಡಿದ್ದೀರಿ? ಒಂದು ದಿನದ ಅತಿ ಹೆಚ್ಚು ಮಳೆ... ಎಂಬತ್ತೆಂಟು. ಹೌದು, ಅತ್ತೆ ಕಾಲದ್ದು. ಅಂದ್ರೆ ಹಳೇ ಸೇತುವೆಯಷ್ಟೇ ಎತ್ತರ, ನೀರು ಹಾಯೋಕೆ ಅಷ್ಟೇ ಕಿಂಡಿ. ಹಾಗಾದ್ರೆ ಅದೂ ಹೋಗತ್ತೆ. ಯಾವತ್ತೋ ಒಂದು ದಿನ, ದೀಪ ಹಚ್ಚೋ ಹೊತ್ತಿಗೆ. ಅವತ್ತು ಅಂಚೆ ವ್ಯಾನು ಕಾಲು ಗಂಟೆ ತಡವಾಗಿ ಬಂದ್ರೆ?

ಈಗ ನಾನು ಈ ಒಂಬತ್ತು ಅಂಕಿ ಹೊಡೆದುಹಾಕಿದ್ರೆ ಸೇತುವೆ ಇನ್ನೂ ಎರಡು ವರ್ಷ ಮುಂದೆ ಹೋಗತ್ತೆ. ಓಣಿಯವರು ಇನ್ನೂ ಎರಡು ಮಳೆಗಾಲ ಹಗ್ಗ ಹಿಡಿದು ದಾಟ್ತಾರೆ, ದಾಟಿ ಬಂದು ನನ್ನ ಮುಖ ನೋಡ್ತಾರೆ. ಒಂಬತ್ತು ದಿನ ಸುಳ್ಳಾದ್ರೆ ನಲವತ್ತೇಳು ವರ್ಷವೂ ಸುಳ್ಳೇ ಅಂತ ನಿಮ್ಮ ಆಫೀಸು ಇಡೀ ಪುಸ್ತಕ ಪಕ್ಕಕ್ಕೆ ತಳ್ಳತ್ತೆ. ಒಳಗೆ ಮಲಗಿರೋರು ಜೀವನದಲ್ಲಿ ಮಾಡಿದ್ದು ಅದೊಂದೇ. ಹೊಡೆದುಹಾಕದೆ ಇದ್ರೆ... ಅದನ್ನ ನೀವೇ ಲೆಕ್ಕ ಹಾಕಿದ್ದೀರಿ, ಅದಕ್ಕೇ ಜೀಪು ಇಳಿದಾಗಿನಿಂದ ನೀವು ಆ ಬೆರಳು ಎತ್ತಿಲ್ಲ.

ಇನ್ನೂ ಏನು ನೋಡ್ತಾ ಇದ್ದೀರಿ ನನ್ನನ್ನ? ಎಲ್ಲ ಹೇಳಿ ಆಯ್ತಲ್ಲ.

ನಿಮ್ಮ ಪೆನ್ನು ಕೊಡಿ ಇಲ್ಲಿ. ಕೆಂಪು ಇದೆಯಾ? ಅದೇ ಆಗಲಿ. ಹನ್ನೊಂದು, ಸೊನ್ನೆ. ಹನ್ನೆರಡು, ಸೊನ್ನೆ. ಹದಿಮೂರು... ಇದನ್ನೂ ಹೇಳದೆ ಇರೋಕಾಗಲ್ಲ. ಯಾರೂ ಕೇಳಲೂ ಇಲ್ಲ ಅಂದೆನಲ್ಲ, ಆ ಎಂಟು ದಿನ. ಒಬ್ಬರು ಕೇಳಿದ್ದರು.

ಆರನೇ ದಿನ. ಅಂಗಡಿ ಹತ್ರ ಸಿಕ್ಕಿದರು, ಭುಜದ ಮೇಲೆ ಸಿಮೆಂಟ್ ಚೀಲ ಇತ್ತು, ಅದನ್ನ ಇಳಿಸದೇನೇ ಕೇಳಿದರು. ‘ಏನಕ್ಕಾ, ಈ ವಾರ ಗುಡ್ಡದ ಮೇಲೆ ಕಾಣಲೇ ಇಲ್ಲ, ಹುಷಾರಾಗಿದ್ದೀರಾ?’ ಅವರ ಮನೆ ಬಾಗಿಲಿಗೆ ಈ ದಾರಿ ನೇರ ಕಾಣತ್ತೆ. ದಿನಾ ನೋಡ್ತಿದ್ರಂತೆ, ಹನ್ನೊಂದು ವರ್ಷವೂ. ನನಗೆ ಅಷ್ಟೊತ್ತಿಗೆ ಹಟ ನೆತ್ತಿಗೇರಿತ್ತು. ‘ಕಾಲು ನೋವು’ ಅಂದು ಬಂದುಬಿಟ್ಟೆ.

ಮೇಸ್ತ್ರಿಗೆ ಗೊತ್ತಿತ್ತು, ಎಂಜಿನಿಯರಮ್ಮ. ಆವತ್ತು ಬಾಗಿಲ ಹತ್ರ ನಿಂತು ‘ಅಷ್ಟೇನಾ ಅಕ್ಕಾ’ ಅಂದಾಗ ಅವರಿಗೆ ಗೊತ್ತಿತ್ತು, ನಾನು ಹತ್ತಿಲ್ಲ ಅಂತ. ಒಂದು ಮಾತು ಅಂದಿದ್ರೆ ಅವರ ಹೆಸರು ಉಳೀತಿತ್ತು. ನಾನೇ ಹೇಳ್ತೀನಿ ಅಂತ ಕಾದರು ಅನ್ನಿಸತ್ತೆ. ಸಾಕಷ್ಟು ಹೊತ್ತು ಕಾದರು. ಆಮೇಲೆ ತಲೆ ಬಗ್ಗಿಸಿ ಹೊಸ್ತಿಲು ದಾಟಿ ಹೋದರು.

ತಗೊಳ್ಳಿ ಪುಸ್ತಕ. ಕೆಳಗೆ ಬರೆದಿದ್ದೀನಿ, ಯಾಕೆ ಹೊಡೆದುಹಾಕಿದೆ ಅಂತ, ಸಹಿನೂ ಇದೆ. ಒಳಗೆ ಕೆಮ್ಮಿದ್ದು ಕೇಳಿಸ್ತಾ? ನಿದ್ದೆಯಲ್ಲಿ ಅವರು ಹಾಗೆ ಕೆಮ್ಮಲ್ಲ. ಆಮೇಲೆ ನಾನು ಒಳಗೆ ಹೋಗ್ತೀನಿ, ಅದು ನನ್ನ ಪಾಲಿಂದು.

ನಿಮ್ಮದು ಒಂದಿದೆ. ರೈಲು ನಿಲ್ಲೋ ಊರಿನಲ್ಲಿ ಇಟ್ಟಿಗೆ ಗೂಡುಗಳಿವೆಯಲ್ಲ, ಅದರ ಹಿಂದಿನ ಸಾಲು ಮನೆ, ಕೊನೆಯದು. ಈಗ ಅಲ್ಲಿ ಇಟ್ಟಿಗೆ ಹೊರ್ತಾರಂತೆ. ಮೇಸ್ತ್ರಿ ಅಂತ ಕೂಗಿದ್ರೆ ತಿರುಗಿ ನೋಡಲ್ಲ, ಹಾಗಂತ ಕೇಳಿದ್ದೀನಿ. ಆದರೂ ಹಾಗೇ ಕೂಗಿ. ಪುಸ್ತಕ ತೋರಿಸಿ, ಹತ್ತೊಂಬತ್ತನೇ ತಾರೀಕಿನ ಎದುರಿಗೆ ಏನಿದೆ ಅಂತ ಓದಿ ಹೇಳಿ. ನಾನು ಅತ್ತೆ ಗಿತ್ತೆ ಅಂತ ಏನೂ ಸೇರಿಸಬೇಡಿ, ಬರೀ ಅಂಕಿ ಹೇಳಿ. ಬಾಗಿಲು ಹಾಕ್ಕೊಂಡ್ರೆ ಹೊರಗಿನಿಂದಲೇ ಹೇಳಿ, ಸ್ವಲ್ಪ ಜೋರಾಗಿ. ಅವರ ಮಕ್ಕಳಿಗೂ ಕೇಳಿಸಬೇಕು.