ಬೆಳ್ಳಿ ಕಾಗದದ ಮನೆ

"ಹಲೋ... ಹಾಂ, ಹಲೋ. ಯಾರು ಮಾತಾಡ್ತಿರೋದು? ... ಎಲ್ಲಿಂದ ಅಂದ್ರಿ? ... ಗೋಪುರ ವಿರೋಧಿ ಸಮಿತಿನಾ?"

...

"ಥೂ, ಅಣ್ಣ! ನೀನಾ? ಒಡಹುಟ್ಟಿದ ತಂಗಿ ಹತ್ರ 'ಕಾರ್ಯದರ್ಶಿ ಮಾತಾಡ್ತಿದೀನಿ' ಅಂತೀಯಲ್ಲ, ನಾಚಿಕೆ ಆಗಲ್ವಾ? ನಂಬರ್ ಬೇರೆ ಹೊಸದು. ... ಸಮಿತಿ ಫೋನಾ? ಮೊಬೈಲು? ... ಅಲ್ಲ, ಮೊಬೈಲ್ ಗೋಪುರ ಕಿತ್ತು ಬಿಸಾಕಿ ಅನ್ನೋ ಸಮಿತಿಗೆ ಒಂದು ಮೊಬೈಲು! ಕೋಳಿ ಮುಟ್ಟಲ್ಲ, ಮೊಟ್ಟೆ ಮಾತ್ರ ಎರಡಿರ್ಲಿ ಅಂದಂಗಾಯ್ತು."

ತಂಗಿ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಮೇಜಿನ ಕೆಳಗಿದ್ದ ಉಪಕರಣದ ಪೆಟ್ಟಿಗೆಯ ಮೇಲೆ ಕಾಲು ಚಾಚಿದಳು. ಆ ಪೆಟ್ಟಿಗೆಯೇ ಅವಳ ಅನ್ನ. ಅದರೊಳಗೆ ಮೂರು ಕಾಲಿನ ಕೋಲೊಂದು, ಕೋಲಿನ ತುದಿಗೆ ಸಿಕ್ಕಿಸುವ ಬಿಳಿ ಚೆಂಡೊಂದು. ಗೋಪುರ ಎದ್ದಲ್ಲೆಲ್ಲ ಹೋಗಿ ಆ ಚೆಂಡನ್ನು ನಿಲ್ಲಿಸಿ, ಆರು ನಿಮಿಷ ಕಾದು, ಗಾಳಿಯಲ್ಲಿ ಅಲೆ ಎಷ್ಟಿದೆ ಎಂದು ಅಳೆದು ಬರೆದುಕೊಂಡು ಬರುವುದು ಅವಳ ಕೆಲಸ. ಹನ್ನೊಂದು ವರ್ಷ ಅಳೆದಿದ್ದಳು. ಒಂದು ಸಲವೂ ಮೀಟರಿನ ಮುಳ್ಳು ಸರ್ಕಾರ ಹಾಕಿದ ಮಿತಿಯ ಹತ್ತಿರ ಸುಳಿದಿರಲಿಲ್ಲ. ಅಣ್ಣನ ಬೀದಿಯ ತುದಿಯಲ್ಲಿ ಗೋಪುರ ಎದ್ದು ನಾಲ್ಕು ತಿಂಗಳು. ಅಣ್ಣ ಪಟಗಳಿಗೆ ಫ್ರೇಮ್ ಹಾಕುವವನು, ಕೆಳಗೆ ಅಂಗಡಿ, ಮೇಲೆ ಮನೆ. ಇವತ್ತು ಸಂಜೆ ಐದಕ್ಕೆ ಪುರಸಭೆಯ ಸಭಾಂಗಣದಲ್ಲಿ ಬಹಿರಂಗ ಚರ್ಚೆ. ವೇದಿಕೆಯ ಒಂದು ಕಡೆ ಅಂಕಿ ಹಿಡಿದ ತಂಗಿ, ಇನ್ನೊಂದು ಕಡೆ ಘೋಷಣೆ ಹಿಡಿದ ಅಣ್ಣ. ಈಗ ಗಂಟೆ ಮೂರೂಮುಕ್ಕಾಲು.

"ಹೇಳು, ಏನು ಸಮಾಚಾರ? ... ಬರ್ತೀನಪ್ಪ, ಬರದೆ ಏನು. ನಿನ್ನ ಭಾಷಣ ಕೇಳೋಕಾದ್ರೂ ಬರ್ತೀನಿ. ... ಏನು? ... ಇನ್ನೊಂದ್ಸಲ ಹೇಳು. ... ನಗಬೇಡ ಅಂತಾನಾ? ಅಷ್ಟು ಹೇಳೋಕೆ ಫೋನ್ ಮಾಡಿದ್ಯಾ?"

...

"ಯಾರು, ಅತ್ತಿಗೇನಾ? ಅವ್ರನ್ನೂ ವೇದಿಕೆ ಹತ್ತಿಸ್ತಿದ್ದೀಯಾ? ... 'ಬಾಧಿತ ಗೃಹಿಣಿ.' ಆಹಾ. ಫ್ರೇಮ್ ಹಾಕಿ ಗೋಡೆಗೆ ನೇತುಹಾಕು. ಹೋದ ವಾರ ಬೆಕ್ಕಿನ ಪಟ, ಈ ವಾರ ಹೆಂಡ್ತಿ ಪಟ."

ಬೆಕ್ಕಿನ ಸಂಗತಿ ಅವಳ ಕಚೇರಿಗೂ ತಲುಪಿತ್ತು. ಅಣ್ಣನ ಮನೆಯ ಬೂದು ಬೆಕ್ಕು ಎಂಟು ದಿನದ ಕೆಳಗೆ ಸತ್ತುಬಿದ್ದಿತ್ತು. ಮರುದಿನವೇ ಊರ ಗೋಡೆಗಳ ಮೇಲೆ ಅದರ ಚಿತ್ರ: 'ಗೋಪುರಕ್ಕೆ ಮೊದಲ ಬಲಿ.' ಅದೇ ಗೋಡೆಗಳ ಮೇಲೆ ತಂಗಿಗೂ ಒಂದು ಹೆಸರು ಬಿದ್ದಿತ್ತು: 'ಮೀಟರಮ್ಮ.'

"ಅಲ್ಲ ಕಣಣ್ಣ, ಹದಿಮೂರು ವರ್ಷದ ಮುದಿ ಬೆಕ್ಕದು. ಸಾಯದೆ ಇನ್ನೇನು, ಚುನಾವಣೆಗೆ ನಿಲ್ತಿತ್ತಾ? ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ... ಹಾಂ? ... ಓದ್ದೆ ಓದ್ದೆ, ನಿನ್ನ ದಿನಚರಿ ಪುಸ್ತಕ ಓದ್ದೆ. ನಲವತ್ತು ಫೋಟೊ ತೆಗೆದು ಕಳ್ಸಿದ್ಯಲ್ಲ. ... ಎಲ್ಲಾ ಪುಟಾನೂ, ಹೌದಪ್ಪ."

ಸುಳ್ಳು. ಅವಳು ತೆರೆದು ನೋಡಿದ್ದು ಮೊದಲ ಪುಟ ಮಾತ್ರ. ಅಣ್ಣನ ದುಂಡನೆಯ ಅಕ್ಷರದಲ್ಲಿ ದಿನಾಂಕ, ಗಂಟೆ, ಪಕ್ಕದಲ್ಲಿ 'ತಲೆ: ಸ್ವಲ್ಪ ಭಾರ.' ಮರುದಿನ, 'ತಲೆ: ಸ್ವಲ್ಪ ಭಾರ.' ಅದರ ಮರುದಿನ, 'ಸ್ವಲ್ಪ ಭಾರ. ಗೋಪುರ ನೋಡಿದ ಮೇಲೆ ಇನ್ನೂ ಸ್ವಲ್ಪ.' ಅವಳು ಅದನ್ನು ಎದುರು ಮೇಜಿನ ಗಡ್ಡದವನಿಗೆ ರಾಗವಾಗಿ ಓದಿ ಹೇಳಿದ್ದಳು. ಅಂದಿನಿಂದ ಕಚೇರಿಯಲ್ಲಿ ಟೀ ಗಟ್ಟಿಯಾದರೆ 'ಸ್ವಲ್ಪ ಭಾರ', ಸಾಹೇಬರು ಮುಖ ಸಿಂಡರಿಸಿದರೆ 'ಸ್ವಲ್ಪ ಭಾರ'. ಉಳಿದ ಮೂವತ್ತೊಂಬತ್ತು ಫೋಟೊಗಳು ಇನ್ನೂ ಹಾಗೆಯೇ ಬಿದ್ದಿದ್ದವು.

"ಅಣ್ಣ, ಕೇಳಿಲ್ಲಿ. ಗೋಪುರ ಎದ್ದ ವಾರಾನೇ ನಿಮ್ಮನೆ ಹಾಲ್‌ನಲ್ಲಿ ನಾನೇ ಬಂದು ಅಳೆದಿದೀನಿ. ಮಿತಿಯ ನೂರರಲ್ಲಿ ಒಂದು ಪಾಲೂ ಇರಲಿಲ್ಲ. ನೀನು ಪಕ್ಕದಲ್ಲೇ ನಿಂತಿದ್ದೆ, ಬಾಗಿ ಬಾಗಿ ನೋಡ್ತಿದ್ದೆ. ... ಮೀಟರ್ ಸುಳ್ಳು ಹೇಳುತ್ತಾ? ಹಾಗಾದ್ರೆ ನಿನ್ನ ಅಂಗಡಿ ಅಳತೆಪಟ್ಟಿನೂ ಸುಳ್ಳು, ನೀನು ಹಾಕಿದ ಫ್ರೇಮೆಲ್ಲ ಡೊಂಕು ಅನ್ನು. ... ಹಲೋ? ... ಎಲ್ಲಿದ್ದೀಯ ನೀನು? ಬರೀ ಗಾಳಿ ಶಬ್ದ."

...

"ತಾರಸಿ ಮೇಲಾ? ಈ ಬಿಸಿಲಲ್ಲಿ? ಗೋಪುರ ಎದುರಿಗೇ ಕಾಣ್ತಿರುತ್ತಲ್ಲಪ್ಪ, ಸುಟ್ಟು ಹೋಗಲ್ವಾ? ಒಳಗೆ ಹೋಗಿ ಮಾತಾಡು. ... ಏನು ಬರಲ್ಲ? ... ಸಿಗ್ನಲ್ಲಾ? ಮನೆ ಒಳಗೆ?"

ಅವಳು ಪೆಟ್ಟಿಗೆಯ ಮೇಲಿಂದ ಕಾಲು ತೆಗೆದಳು. ಗೋಪುರದಿಂದ ಆ ಮನೆ ನೂರೈವತ್ತು ಹೆಜ್ಜೆ. ಅಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂದರೆ ಹೊಳೆಯಲ್ಲಿ ನಿಂತು ಕಾಲು ಒದ್ದೆಯಾಗಲಿಲ್ಲ ಎಂದಂತೆ.

"ಅಣ್ಣ, ಮನೆಗೆ ಏನು ಮಾಡಿದೀಯ?"

...

"ಹೇಳು ಪರವಾಗಿಲ್ಲ. ... ನಗಲ್ಲ. ... ನಗಲ್ಲ ಅಂದ್ನಲ್ಲ. ... ತಿಂಡಿ ಸುತ್ತಿಡೋ ಬೆಳ್ಳಿ ಕಾಗದಾನಾ? ಕಿಟಕಿಗೆಲ್ಲಾ? ... ಎಲ್ಲಾ ಕಿಟಕಿಗೂ! ... ಎರಡು ಪದರ!"

ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗಡ್ಡದವನು ತಲೆ ಎತ್ತಿ ಹುಬ್ಬು ಹಾರಿಸಿದ. 'ಸ್ವಲ್ಪ ಭಾರ' ಎಂದು ತುಟಿಯಲ್ಲೇ ಹೇಳಿ ಅವಳು ಅವನನ್ನೂ ನಗಿಸಿದಳು.

"ಅಯ್ಯೋ ಅಣ್ಣ... ಅಯ್ಯಯ್ಯೋ. ಮನೇಲಿ ಇದೀರೋ, ಡಬ್ಬಿಲಿ ಇದೀರೋ? ... ಇಲ್ಲ, ಕೆಲಸ ಚೆನ್ನಾಗೇ ಮಾಡಿರ್ತೀಯ ಬಿಡು, ಸಿಗ್ನಲ್ ನಿಂತಿದೆ ಅಂದ್ಮೇಲೆ. ... ಸಂದಿಗೆಲ್ಲ ಟೇಪಾ? ಪಟದ ಹಿಂದೆ ಅಂಟಿಸ್ತೀಯಲ್ಲ, ಆ ಕಂದು ಟೇಪು? ... ಧೂಳಿನ ಕಣ ಕೂಡ ಹೋಗಲ್ಲ ಅನ್ನು. ಯಾವಾಗಿಂದ ಈ ವೈಭೋಗ? ... ಎರಡು ತಿಂಗಳು! ನನಗೊಂದು ಮಾತು ಹೇಳ್ಬಾರದಾ?"

...

"ನಗ್ತೀನಿ ಅಂತ ಹೇಳ್ಲಿಲ್ವಾ. ಸರಿ. ನಕ್ಕಿದ್ದಾಯ್ತಲ್ಲ. ಈಗ ತಲೆನೋವು ಹೋಗಿರ್ಬೇಕಲ್ಲ? ಒಂದು ಅಲೆನೂ ಒಳಗೆ ಬರ್ತಿಲ್ಲ. ... ಜಾಸ್ತಿ ಆಗಿದೆಯಾ? ... ಒಳಗೆ ಬಂದ ಅಲೆ ಹೊರಗೆ ಹೋಗೋಕೆ ದಾರಿ ಇಲ್ದೆ ಅಲ್ಲೇ ಸುತ್ತುತ್ತಾ? ಯಾರು ಹೇಳಿದ್ದು, ಸಮಿತಿ ಅಧ್ಯಕ್ಷರಾ? ಅವ್ರ ತಲೆ ಒಳಗೆ ಹೋದ ಬುದ್ಧಿಗೂ ಅದೇ ಗತಿ ಇರ್ಬೇಕು, ಸುತ್ತುತ್ತಾನೇ..."

ಅವಳ ಮಾತು ಅಲ್ಲಿಗೆ ನಿಂತಿತು. ನಗುವಿನ ಚೂರೊಂದು ಇನ್ನೂ ತುಟಿಯ ಮೇಲಿತ್ತು.

"ಇರು. ಬೆಳ್ಳಿ ಕಾಗದ ಹಾಕಿದ ಮೇಲೆ ಜಾಸ್ತಿ ಆಯ್ತಾ, ಅದಕ್ಕೂ ಮುಂಚೇನಾ?"

...

"ಸರಿಯಾಗಿ ಹೇಳಣ್ಣ. ಪುಸ್ತಕ ಇದೆಯಾ ಕೈಯಲ್ಲಿ? ಓದು. ... ಇಲ್ಲ, ನಾನು ಓದಿಲ್ಲ. ಮೊದಲನೇ ಪುಟ ಬಿಟ್ಟು ಓದಿಲ್ಲ. ಬೈ ಆಮೇಲೆ. ಈಗ ಓದು. ಕಾಗದ ಅಂಟಿಸಿದ ದಿನದಿಂದ."

ಬೆರಳಿಗೆ ಸಿಕ್ಕ ಪೆನ್ಸಿಲು ಎತ್ತಿಕೊಂಡಳು. ಅಣ್ಣ ಓದತೊಡಗಿದ; ಸಂಜೆಯ ಸಭೆಗೆಂದು ಅಭ್ಯಾಸ ಮಾಡಿಕೊಂಡಿದ್ದ ದನಿಯಲ್ಲೇ ಓದುತ್ತಿದ್ದನೇನೋ. ಅವಳು ಗಂಟೆಗಳನ್ನಷ್ಟೇ ಬರೆದುಕೊಂಡಳು.

"ಬೆಳಿಗ್ಗೆ ಏಳು. ... ಏಳೂಕಾಲು. ... ಮತ್ತೆ ಏಳು. ... ಸಂಜೆ ಒಂದೂ ಇಲ್ವಾ? ... ಭಾನುವಾರ ಎಷ್ಟು? ... ಹತ್ತರಿಂದ ಮಧ್ಯಾಹ್ನದ ತನಕ, ಇಬ್ರಿಗೂ. ವಾಂತಿ. ... ಇಬ್ರೂ ಅತ್ತಿಗೆ ತಂಗಿ ಮನೆಗೆ ಹೋಗಿದ್ದ ಮೂರು ದಿನ? ... ಏನೂ ಇಲ್ಲ. ... ಕರೆಂಟ್ ಹೋಗಿ ಗೋಪುರ ನಿಂತಿತ್ತಲ್ಲ, ಆವತ್ತು? ... ಆವತ್ತೂ ಇತ್ತಾ? ಬರೆದಿದೀಯಾ ಅದನ್ನ?"

...

"ನಿಂಗೆ ಅರ್ಥ ಆಗ್ಲಿಲ್ಲ, ಆದ್ರೂ ಬರೆದಿಟ್ಟೆ. ... ಹಾಂ. ... ಇಲ್ಲ, ನಗ್ತಿಲ್ಲ. ನಗ್ತಿಲ್ಲ ಅಣ್ಣ."

ಹನ್ನೊಂದು ವರ್ಷದಲ್ಲಿ ಅವಳು ಇಷ್ಟು ಪ್ರಾಮಾಣಿಕವಾದ ಅಳತೆಯ ಪಟ್ಟಿ ನೋಡಿರಲಿಲ್ಲ. ತನ್ನ ವಾದಕ್ಕೆ ಒಗ್ಗದ ದಿನವನ್ನೂ ಅಣ್ಣ ಅಳಿಸಿರಲಿಲ್ಲ. ಬೆಳಗಿನ ಏಳಕ್ಕೆ ಆ ಮನೆಯಲ್ಲಿ ನಡೆಯುವುದೇನು? ಭಾನುವಾರ ತಡವಾಗಿ, ಒಬ್ಬರಾದ ಮೇಲೊಬ್ಬರು, ನಿಧಾನವಾಗಿ ಮಾಡುವುದೇನು?

"ಅಣ್ಣ, ಸ್ನಾನಕ್ಕೆ ನೀರು ಹೇಗೆ ಕಾಯಿಸ್ತೀರಿ? ... ಗ್ಯಾಸ್ ಗೀಸರ್. ... ಎಲ್ಲಿದೆ ಅದು, ಬಾತ್‌ರೂಮ್ ಒಳಗೇನಾ? ... ಬೆಂಕಿ ಉರಿಯೋ ಡಬ್ಬಿ, ಬಾತ್‌ರೂಮ್ ಗೋಡೆ ಮೇಲೇನಾ? ... ಬೆಕ್ಕು ಎಲ್ಲಿ ಮಲಗ್ತಿತ್ತು?"

...

"ಬಾತ್‌ರೂಮಿನ ಅಟ್ಟದ ಮೇಲೆ. ಬೆಚ್ಚಗಿರುತ್ತೆ ಅಂತ. ... ಅಲ್ಲೊಂದು ಸಣ್ಣ ಕಿಟಕಿ ಇತ್ತಲ್ಲ, ಮೇಲೆ, ಗಾಳಿಗೆ? ... ಅದನ್ನೂ ಮುಚ್ಚಿದ್ಯಾ? ... ಯಾವತ್ತು? ... ಗೋಪುರ ನೇರ ಕಾಣೋದು ಅಲ್ಲಿಂದಲೇ ಅಂತ. ಹತ್ತು ದಿನ ಆಯ್ತು. ಬೆಕ್ಕು ಸತ್ತು ಎಂಟು. ... ಅಣ್ಣ, ಸುಮ್ನಿರು, ನಾನು ಕೇಳೋದಕ್ಕಷ್ಟೇ ಉತ್ತರ ಕೊಡು. ಅತ್ತಿಗೆ ಎಲ್ಲಿ?"

...

"ತಲೆ ತೊಳ್ಕೊಳ್ಳೋಕೆ ಹೋಗಿದಾರಾ?"

ಪೆನ್ಸಿಲು ಮೇಜಿನಿಂದ ಉರುಳಿ ಬಿತ್ತು. ಅತ್ತಿಗೆಯ ಕೂದಲು ಮಂಡಿಯವರೆಗೆ. ಅದನ್ನು ತೊಳೆಯಲು ಅರ್ಧ ಗಂಟೆ ಬೇಕೆಂಬುದು ಆ ಮನೆಯ ಹಳೆಯ ತಮಾಷೆ. ಇವತ್ತು ನಾಲ್ಕು ಜನರ ಮುಂದೆ ವೇದಿಕೆ ಹತ್ತಬೇಕು. ಎಂದಿಗಿಂತ ಚೆನ್ನಾಗಿಯೇ ತೊಳೆದುಕೊಳ್ಳುತ್ತಿರಬೇಕು.

"ಎಷ್ಟು ಹೊತ್ತಾಯ್ತು? ... ನೀನು ತಾರಸಿಗೆ ಬರೋಕೆ ಮುಂಚೇನೇ? ... ಅಣ್ಣ, ಕೆಳಗೆ ಓಡು. ಈಗಲೇ. ಆ ಗೀಸರ್ ಮುಚ್ಚಿದ ಮನೇಲಿ ವಿಷಗಾಳಿ ಮಾಡ್ತಿದೆ. ವಾಸನೆ ಇರಲ್ಲ ಅದಕ್ಕೆ, ಕಣ್ಣಿಗೂ ಕಾಣಲ್ಲ. ತಲೆನೋವು ಅದರದ್ದು. ಗೋಪುರದ್ದಲ್ಲ, ಗೀಸರಿಂದು. ... ವಾದ ಮಾಡ್ಬೇಡ! ದಮ್ಮಯ್ಯ ಅಂತೀನಿ, ಸಂಜೆ ವೇದಿಕೆ ಮೇಲೆ ನೀನೇ ಗೆದ್ದೆ ಅಂತ ಬೇಕಾದ್ರೆ ಬರ್ಕೊಡ್ತೀನಿ, ಈಗ ಓಡು!"

ಅವಳು ಎದ್ದು ನಿಂತಿದ್ದಳು. ಕೈಯಿಂದ ಫೋನಿನ ಬಾಯಿ ಮುಚ್ಚಿ ಎದುರು ಮೇಜಿನತ್ತ ಕೂಗಿದಳು: "ಆಂಬುಲೆನ್ಸ್‌ಗೆ ಫೋನ್ ಮಾಡು! ನಮ್ಮಣ್ಣನ ಮನೆಗೆ, ಫ್ರೇಮ್ ಅಂಗಡಿ ಮೇಲೆ!"

"ಯಾಕೆ, ಸ್ವಲ್ಪ ಭಾರನಾ?" ಎಂದ ಗಡ್ಡದವನು, ನಗುತ್ತ. ಅವಳ ಮುಖ ನೋಡಿದ. ಫೋನ್ ಎತ್ತಿಕೊಂಡ.

"ಅಣ್ಣ, ಇದೀಯಾ? ... ಮೆಟ್ಟಿಲು ಇಳೀತಿದೀಯಾ? ... ಒಳಗೆ ಹೋಗೋ ಮುಂಚೆ ಕೇಳಿಸ್ಕೋ, ಒಳಗೆ ನನ್ನ ಮಾತು ನಿನಗೆ ಕೇಳಲ್ಲ. ಬಾಗಿಲು ಪೂರ್ತಿ ತೆಗೆದಿಡು. ಉಸಿರು ಬಿಗಿ ಹಿಡಿ. ಹೋಗ್ತಾ ಹೋಗ್ತಾನೇ ಕಿಟಕಿ ಕಾಗದ ಕಿತ್ತುಹಾಕು, ನಾಜೂಕು ಗೀಜೂಕು ಬೇಡ, ಹರಿದು ಎಸಿ. ಬಾತ್‌ರೂಮ್ ಬಾಗಿಲು ಚಿಲಕ ಹಾಕಿದ್ರೆ ಒದ್ದು ಮುರಿ. ಗ್ಯಾಸ್ ಆರಿಸು. ಅವ್ರನ್ನ ಹೇಗಾದ್ರೂ ಸರಿ, ಎಳ್ಕೊಂಡು ಹೊರಗೆ ಬಾ. ... ಅಳಬೇಡ. ... ಗೊತ್ತು. ನಿನಗೆ ಹೇಗೆ ಗೊತ್ತಾಗ್ಬೇಕಿತ್ತು? ಗೊತ್ತಾಗ್ಬೇಕಿದ್ದಿದ್ದು ನನಗೆ. ನೀನು ನನಗೆ ಬರೆದು ಕಳ್ಸಿದ್ದೆ. ನಲವತ್ತು ಪುಟ ಕಳ್ಸಿದ್ದೆ ಅಣ್ಣ... ಅಣ್ಣ? ... ಹಲೋ?"

ಕೀಲಿಕೈ ತಿರುಗಿದ ಸದ್ದು. ಬಾಗಿಲು ಗೋಡೆಗೆ ಬಡಿದ ಸದ್ದು. ಅತ್ತಿಗೆಯ ಹೆಸರಿನ ಮೊದಲ ಅಕ್ಷರ. ಮತ್ತೆ ಏನೂ ಇಲ್ಲ.

ತಿರುಗಿ ಒತ್ತಿದಳು. 'ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಎಂದಿತು ಒಂದು ಹೆಣ್ಣು ದನಿ, ಬಹಳ ಮರ್ಯಾದೆಯಿಂದ. ಅಣ್ಣನ ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು. ಮತ್ತೆ ಒತ್ತಿದಳು. ಅದೇ ದನಿ, ಅದೇ ಮರ್ಯಾದೆ. ಗಡ್ಡದವನು ಇನ್ನೊಂದು ಫೋನಿನಲ್ಲಿ ಬೀದಿಯ ಗುರುತು ಹೇಳುತ್ತಿದ್ದ: ಗೋಪುರ ಇದೆಯಲ್ಲ, ಅದರ ಹತ್ತಿರ, ಹೌದು, ಗೋಪುರ ನೋಡಿಕೊಂಡೇ ಬನ್ನಿ.

ಮೂರನೆಯ ಸಲ ಒತ್ತಿದಳು. ನಾಲ್ಕನೆಯ ಸಲ.

ಐದನೆಯ ಸಲ ಅತ್ತ ಕಡೆ ಫೋನ್ ರಿಂಗಾಯಿತು.

ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆ ಮನೆಯೊಳಗೆ ಗೋಪುರದ ಅಲೆ ಹೋಗುತ್ತಿತ್ತು. ಅಂದರೆ ಯಾವುದೋ ಕಿಟಕಿ ಹರಿದಿತ್ತು. ಅಂದರೆ ಗಾಳಿಯೂ ಹೋಗುತ್ತಿತ್ತು.

"ಎತ್ತಬೇಡ ಅಣ್ಣ," ಎಂದಳು, ಯಾರಿಗೂ ಕೇಳದಷ್ಟು ಮೆಲ್ಲಗೆ. "ಫೋನ್ ಬಿಡು. ನಿನ್ನ ಕೆಲಸ ನೋಡು. ... ಇನ್ನೊಂದು ಕಿಟಕಿ."

ಫೋನ್ ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಕೊನೆಗೆ ತಾನಾಗಿಯೇ ಕಡಿದುಹೋಯಿತು.